‘ಆಲ್ದೋ’ ಬಂದ ಮೇಲೆ ‘ಬಟ್’ಗೇನು ಕೆಲಸ?

ಸರಸ್ವತಿಪುರಂನ ನಮ್ಮ ಇಂಗ್ಲಿಷ್ ತರಗತಿಗೆ ಬರುವವರು ಇಂಜಿನಿಯರ್‌ಗಳಿರಲಿ, ನರ್ಸಿಂಗ್ ಮುಗಿಸಿದವರಿರಲಿ, ಏನಾದರೂ ಬರೆಯಿರಿ ಅಂದರೆ ಒಂದು ವಾಕ್ಯ ಗ್ಯಾರಂಟಿ: ‘ಆಲ್ದೋ ಇಟ್ ವಾಸ್ ರೈನಿಂಗ್, ಬಟ್ ವಿ ವೆಂಟ್.’ ‘ಬಟ್’ ಹೊಡೆದುಹಾಕಿ ಕೊಡುತ್ತೇನೆ. ಮುಂದಿನ ವಾರ ಅದೇ ‘ಬಟ್’ ಮತ್ತೆ ಹಾಜರ್.

‘ಕನ್ನಡ ಮೀಡಿಯಂ ಅಲ್ವಾ ಸಾರ್’ ಅನ್ನುತ್ತಾರೆ. ನನಗೆ ರೇಗುವುದೇ ಇಲ್ಲಿ. ಮಂಡ್ಯದ ಕಡೆ ರೈತರು ಏನನ್ನುತ್ತಾರೆ? ‘ಕನ್ನಂಬಾಡಿ ತುಂಬುದ್ರೂ ನಾಲೇಲಿ ನೀರ್ ಬರ್ನಿಲ್ಲ.’ ‘ತುಂಬುದ್ರೂ, ಆದ್ರೆ ನೀರ್ ಬರ್ನಿಲ್ಲ’ ಅಂತ ಯಾರ ಬಾಯಲ್ಲಾದರೂ ಕೇಳಿದ್ದೀರಾ? ಆ ಒಂದು ‘ರೂ’ ಸಾಕು. ‘ಆಲ್ದೋ’ ಮಾಡುವುದೂ ಅದೇ ಕೆಲಸ. ಕ್ರಿಯಾಪದದ ಬಾಲಕ್ಕೆ ಅಂಟುವ ಬದಲು ಮುಂದೆ ಬಂದು ಕೂರುತ್ತದೆ, ಅಷ್ಟೆ. ಜೋಡಿ ಕಟ್ಟುವುದು ಹಿಂದಿಯ ‘ಹಾಲಾಂಕಿ–ಲೇಕಿನ್’, ಸಂಸ್ಕೃತದ ‘ಯದ್ಯಪಿ–ತಥಾಪಿ’. ತಪ್ಪನ್ನು ಕನ್ನಡದ ತಲೆಗೆ ಕಟ್ಟಬೇಡಿ. ಅಲ್ಪವಿರಾಮ ಹಾಕುವಷ್ಟರಲ್ಲಿ ವಾಕ್ಯ ಹೇಗೆ ಶುರುವಾಗಿತ್ತು ಎನ್ನುವುದೇ ಮರೆತಿರುತ್ತದೆ ಎಂಬುದು ನನ್ನ ಅನುಮಾನ.

‘ಬಟ್’ ಜಾಗದಲ್ಲಿ ‘ಯೆಟ್’ ಬಂದರೆ ಮಾತ್ರ ನಾನು ಹೊಡೆದುಹಾಕಲು ಹಿಂಜರಿಯುತ್ತೇನೆ. 1611ರ ಇಂಗ್ಲಿಷ್ ಬೈಬಲ್‌ನಲ್ಲೇ ‘ದೋ’ ಆದಮೇಲೆ ‘ಯೆಟ್’ ಬರುತ್ತದೆ. ತಪ್ಪಲ್ಲ, ಹಳೇ ಶೈಲಿ. ಇನ್ನು ‘ಡಿಸ್ಪೈಟ್’ಗೆ ‘ಆಫ್’ ಬೇಡ, ‘ಇನ್ ಸ್ಪೈಟ್’ಗೆ ಬೇಕು. ಇದನ್ನು ಬಾಯಿಪಾಠ ಮಾಡಿಕೊಳ್ಳಿ, ಮುಗೀತು.

ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಕೂರುವವರದು ಬೇರೆಯೇ ಕಾಯಿಲೆ. ಬರವಣಿಗೆ ಭಾಗದ ಎರಡನೇ ಪ್ರಶ್ನೆಗೆ 40 ನಿಮಿಷ, ಕನಿಷ್ಠ 250 ಪದ. ಅಷ್ಟರೊಳಗೆ ‘ಹೌಎವರ್’, ‘ನೆವರ್‌ದಿಲೆಸ್’, ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಲ್ಲವನ್ನೂ ತುರುಕುತ್ತಾರೆ. ಪರೀಕ್ಷಕರು ಎಷ್ಟು ಅಂಕ ಕೊಡುತ್ತಾರೋ ನಾನು ಹೇಳಲಾರೆ, ಆದರೆ ಅವರ ಮಾನದಂಡದಲ್ಲಿ ಜೋಡಣೆ ಪದಗಳ ಅತಿಬಳಕೆಯೂ ದೋಷ ಅಂತಲೇ ಬರೆದಿದೆ.

ವ್ಯಾಕರಣ ಸರಿಯಿದ್ದೂ ಕೆಡುವುದು ಎಲ್ಲಿ ಗೊತ್ತೇ? ಅದೇ ನಾಲೆಯ ಮಾತನ್ನು ನೀರಾವರಿ ಅಧಿಕಾರಿ ಹೇಳಿದರೆ, ‘ಕೊನೇ ಭಾಗಕ್ಕೆ ನೀರು ತಲುಪದಿದ್ದರೂ ಅಣೆಕಟ್ಟೆ 124.80 ಅಡಿ ತುಂಬಿದೆ’ ಎಂದಾಗುತ್ತದೆ. ಎರಡೂ ನಿಜವೇ. ರೈತನಿಗೆ ಮುಖ್ಯ ನೀರು, ಅಧಿಕಾರಿಗೆ ಕಟ್ಟೆ. ‘ರೂ’ ಅಂಟಿಸಿಕೊಂಡಿದ್ದು ಪಕ್ಕಕ್ಕೆ ಸರಿಯುತ್ತದೆ, ಕೇಳಿದವರ ತಲೆಯಲ್ಲಿ ಉಳಿಯುವುದು ಇನ್ನೊಂದು.

ಮದ್ದೂರು ಕಡೆಯ ಹುಡುಗಿಯೊಬ್ಬಳು ಕೆಲಸದ ಅರ್ಜಿ ತಂದಿದ್ದಳು: ‘ಆಲ್ದೋ ಐ ನೋ ಟ್ಯಾಲಿ ವೆಲ್, ಬಟ್ ಐ ಹ್ಯಾವ್ ನೋ ಎಕ್ಸ್‌ಪೀರಿಯನ್ಸ್.’ ‘ಬಟ್’ ತೆಗೆದರೂ ಅರ್ಜಿ ಉದ್ಧಾರವಾಗುವುದಿಲ್ಲ.

‘ಏನಮ್ಮಾ, ಕೆಲಸ ಕೊಡಬೇಡಿ ಅಂತ ಅರ್ಜಿ ಹಾಕ್ತಿದ್ದೀಯಾ?’

‘ಇರಾದ್ನೇ ಬರ್ದೆ ಸಾರ್.’

ಸುಳ್ಳು ಬರಿ ಅಂತ ನಾನೂ ಹೇಳಲಿಲ್ಲ. ಅನುಭವ ಇಲ್ಲದ್ದು ‘ಆಲ್ದೋ’ ಕಡೆಗಿರಲಿ, ಟ್ಯಾಲಿ ಕೊನೆಗೆ ಬರಲಿ ಅಂದೆ. ಪೆನ್ಸಿಲ್‌ನಲ್ಲಿ ಅದಲುಬದಲು ಮಾಡಿ ಬರೆದವಳು ತಲೆಯೆತ್ತಿ, ‘ನಮ್ಮ್ ಮಾವನ್ ಗೊಬ್ರದಂಗ್ಡಿ ಲೆಕ್ಕ ನಾನೇ ಬರೀತಿದ್ದೆ ಸಾರ್, ಅದೂ ಎಕ್ಸ್‌ಪೀರಿಯನ್ಸಾ?’ ಅಂದಳು.

ಮತ್ತಿನ್ನೇನು! ಆ ವಾಕ್ಯಕ್ಕೆ ‘ಆಲ್ದೋ’ನೇ ಬೇಕಾಗಲಿಲ್ಲ.