ಧರ್ಮಸಭೆ ದಿನ ಎಣಿಸಲು ಹೇಳಿಲ್ಲ

ಪ್ರಶ್ನೆ: ನಮಗೆ ಇಬ್ಬರು ಮಕ್ಕಳಿದ್ದಾರೆ, ಸದ್ಯಕ್ಕೆ ಮೂರನೆಯದು ಬೇಡ ಎಂದುಕೊಂಡಿದ್ದೇವೆ. ಕಥೋಲಿಕ ಧರ್ಮಸಭೆ ಒಪ್ಪುವ ‘ದಿನ ಎಣಿಸುವ ವಿಧಾನ’ ಅನುಸರಿಸಿದರೆ ಸಾಕೇ? ಅದಕ್ಕೂ ಮಾತ್ರೆಗೂ ಕೊನೆಗೆ ವ್ಯತ್ಯಾಸವೇನು?
– ಕುಮಟಾದ ಓದುಗರೊಬ್ಬರು

ಉತ್ತರ: ಕಾರವಾರದಿಂದ ಭಟ್ಕಳದವರೆಗೆ ಮದುವೆಗೆ ಸಿದ್ಧರಾಗುವ ಜೋಡಿಗಳಿಗೆ ಪಾಠ ಹೇಳುವಾಗಲೆಲ್ಲ ಈ ‘ದಿನ ಎಣಿಸುವ ವಿಧಾನ’ ಎಂಬ ಮಾತು, ಅಂದರೆ ಮುಟ್ಟಾದ ದಿನದಿಂದ ಎಣಿಸಿ ಗರ್ಭ ನಿಲ್ಲದ ದಿನಗಳನ್ನು ಊಹಿಸುವುದು, ನನಗೆ ಎದುರಾಗುತ್ತದೆ. ಎಷ್ಟು ಸಲ ತಿದ್ದಿದರೂ ಅದು ಮತ್ತೆ ತಲೆ ಎತ್ತುತ್ತದೆ. ಆದ್ದರಿಂದ ಮೊದಲು ಅದನ್ನೇ ತಿದ್ದುತ್ತೇನೆ.

1920ರ ದಶಕದಲ್ಲಿ ಜಪಾನಿನ ಓಗಿನೊ ಮತ್ತು ಆಸ್ಟ್ರಿಯಾದ ಕ್ನಾಸ್ ಎಂಬ ವೈದ್ಯರು, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆಯೇ, ಅಂಡೋತ್ಪತ್ತಿ ಆಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಎಂದು ಕಂಡುಕೊಂಡರು. ‘ಮುಂದಿನ ಮುಟ್ಟಿಗೆ ಮೊದಲು’ ಎಂಬ ಮಾತನ್ನು ಜನ ‘ಕಳೆದ ಮುಟ್ಟಾದ ಹದಿನಾಲ್ಕನೇ ದಿನ’ ಎಂದು ತಿರುಗಿಸಿಕೊಂಡರು, ಎಡವಟ್ಟು ಅಲ್ಲಿಂದಲೇ ಶುರುವಾಯಿತು. ಮುಂದಿನ ಮುಟ್ಟು ಯಾವಾಗ ಬರುತ್ತದೆಂದು ಅದು ಬರುವ ತನಕ ಯಾರಿಗೆ ಗೊತ್ತು? ಅಂಕೋಲಾ ಕಡೆಯ ತಾಯಿಯೊಬ್ಬರು ಅಡುಗೆಮನೆಯ ಕ್ಯಾಲೆಂಡರನ್ನೇ ಗೋಡೆಯಿಂದ ಬಿಚ್ಚಿ ನನ್ನ ಬಳಿ ತಂದಿದ್ದರು. ಸಿಲಿಂಡರ್ ಬಂದ ತಾರೀಕು ಮತ್ತು ಹಾಲಿನ ಲೆಕ್ಕದ ಪಕ್ಕದಲ್ಲಿ ಕೆಂಪು ಸುತ್ತುಗಳಿದ್ದವು. ಸುತ್ತಿನಿಂದ ಸುತ್ತಿಗೆ ಒಂದು ಸಲ 26 ದಿನ, ಒಂದು ಸಲ 29, ಒಮ್ಮೆ 34. ಅವರು ಹದಿನೆಂಟನೇ ದಿನದಿಂದ ನಿಶ್ಚಿಂತೆ ಎಂದುಕೊಂಡಿದ್ದರು. ಆದರೆ 34 ದಿನದ ಆ ತಿಂಗಳಲ್ಲಿ ಅಂಡ ಹೊರಬಂದದ್ದು ಇಪ್ಪತ್ತನೇ ದಿನದ ಆಸುಪಾಸಿನಲ್ಲಿ ಇರಬೇಕು. ವೀರ್ಯಾಣು ಅನುಕೂಲದ ದಿನಗಳಲ್ಲಿ ಐದು ದಿನದವರೆಗೂ ಬದುಕಿರಬಲ್ಲದು ಎಂಬುದನ್ನು ಸೇರಿಸಿಕೊಂಡರೆ, ಅವರು ನಿಶ್ಚಿಂತೆ ಎಂದು ತಿಳಿದ ದಿನಗಳೇ ಆ ತಿಂಗಳ ಅತ್ಯಂತ ಫಲವಂತ ದಿನಗಳಾಗಿದ್ದವು. ದೇಹ ಅವರಿಗೆ ಮೋಸ ಮಾಡಲಿಲ್ಲ, ತಪ್ಪಿದ್ದು ಆ ಲೆಕ್ಕದಲ್ಲಿ.

ನಾವು ಕಲಿಸುವ ಸಹಜ ಕುಟುಂಬ ಯೋಜನೆಯಲ್ಲಿ ಊಹೆಗೆ ಜಾಗವಿಲ್ಲ, ಅಂದಂದಿನ ಲಕ್ಷಣವನ್ನು ಅಂದಂದೇ ಗಮನಿಸಿ ಬರೆದಿಡಬೇಕು. ಮೆಲ್ಬರ್ನಿನ ವೈದ್ಯ ದಂಪತಿ ಜಾನ್ ಮತ್ತು ಎವ್ಲಿನ್ ಬಿಲ್ಲಿಂಗ್ಸ್ ರೂಪಿಸಿದ ವಿಧಾನದಲ್ಲಿ, ಮುಟ್ಟು ನಿಂತ ಮೇಲಿನ ಒಣ ದಿನಗಳು, ನಂತರ ಯೋನಿಯಲ್ಲಿ ಕಾಣುವ ಅಂಟಂಟು ಲೋಳೆ, ಆಮೇಲೆ ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ ಎಳೆಯುವ, ಜಾರುವ, ಫಲವಂತ ದಿನವನ್ನು ಸೂಚಿಸುವ ಲೋಳೆ – ಹೀಗೆ ಕ್ರಮವಾಗಿ ಗುರುತು ಹಾಕುತ್ತಾ ಹೋಗುತ್ತೇವೆ. ಜಾರುವ ಅನುಭವದ ಕೊನೆಯ ದಿನದ ನಂತರ ಗಂಡ-ಹೆಂಡತಿ ಇನ್ನೂ ಮೂರು ದಿನ ಪೂರ್ತಿ ಸೇರದೆ ಕಾಯಬೇಕು. ಬೆಳಿಗ್ಗೆ ಏಳುವ ಮುನ್ನ ಮೈಶಾಖ ಅಳೆದರೆ, ಅಂಡೋತ್ಪತ್ತಿಯ ಬಳಿಕ ಅದು ಸುಮಾರು 0.2 ಡಿಗ್ರಿ ಸೆಲ್ಸಿಯಸ್ ಏರಿ ಹಾಗೆಯೇ ನಿಲ್ಲುವುದು ಇದಕ್ಕೆ ಎರಡನೇ ಸಾಕ್ಷಿ. ವಿಶ್ವ ಆರೋಗ್ಯ ಸಂಸ್ಥೆ ಬೆಂಗಳೂರೂ ಸೇರಿ ಐದು ಕೇಂದ್ರಗಳಲ್ಲಿ 869 ಮಹಿಳೆಯರಿಗೆ ಈ ಲೋಳೆಯ ಪಾಠ ಕಲಿಸಿ ನೋಡಿದಾಗ, ಮೊದಲ ಋತುಚಕ್ರದಲ್ಲೇ ಶೇ. 93ರಷ್ಟು ಮಂದಿ ಲಕ್ಷಣವನ್ನು ಗುರುತಿಸಿದ್ದರು. ಅಲ್ಲಿ ಗರ್ಭ ನಿಂತ ಪ್ರಕರಣಗಳಲ್ಲಿ ಹೆಚ್ಚಿನವು ಫಲವಂತ ದಿನವೆಂದು ಗೊತ್ತಿದ್ದೂ ಸೇರಿದ್ದರಿಂದ ಆದವು. ಇದನ್ನು ನಾನು ಯಾವ ಜೋಡಿಗೂ ಮುಚ್ಚಿಡುವುದಿಲ್ಲ.

ಇನ್ನು ಮಾತ್ರೆಯ ಮಾತು. ಎರಡರ ಉದ್ದೇಶ ಒಂದೇ ಆಗಿರಬಹುದು, ಧರ್ಮಸಭೆ ಅದನ್ನು ಅಲ್ಲಗಳೆದಿಲ್ಲ. ಪೋಪ್ ಆರನೇ ಪೌಲ್ 1968ರ ಜುಲೈ 25ರಂದು ಸಹಿ ಹಾಕಿದ ‘ಹ್ಯುಮಾನೆ ವೀಟೆ’ ಪರಿಪತ್ರದ 16ನೇ ಭಾಗ ಅದನ್ನು ಒಪ್ಪಿಕೊಂಡೇ ವ್ಯತ್ಯಾಸವನ್ನು ಹೇಳುತ್ತದೆ: ಒಂದರಲ್ಲಿ ದಂಪತಿ ದೇವರಿಟ್ಟ ಕ್ರಮವನ್ನು ಬಳಸಿಕೊಳ್ಳುತ್ತಾರೆ, ಇನ್ನೊಂದರಲ್ಲಿ ಆ ಕ್ರಮವನ್ನೇ ತಡೆಯುತ್ತಾರೆ. ಸೇರದೆ ಇರುವುದರಿಂದ ದಾಂಪತ್ಯದ ಕೂಟದ ಅರ್ಥ ಕೆಡುವುದಿಲ್ಲ, ಸೇರಿಯೂ ಅದರ ಫಲವಂತಿಕೆಯನ್ನು ಬೇಕೆಂದೇ ಕಿತ್ತುಹಾಕಿದರೆ ಕೆಡುತ್ತದೆ. ಹಾಗೆಂದು ನೋಟ್‌ಬುಕ್ ಇಟ್ಟ ಮಾತ್ರಕ್ಕೆ ಎಲ್ಲವೂ ಸರಿಯಾಯಿತು ಎಂದಲ್ಲ. ತಾಯಿಯ ಆರೋಗ್ಯ, ಮನಸ್ಸಿನ ಸ್ಥಿತಿ, ಮನೆಯ ಆದಾಯ, ಹಾಸಿಗೆ ಹಿಡಿದ ಹಿರಿಯರು – ಇಂಥ ಗಟ್ಟಿ ಕಾರಣ ಇರಬೇಕು, ಸ್ವಾರ್ಥಕ್ಕಾಗಿ ಬಳಸಿದರೆ ಸಹಜ ವಿಧಾನವೂ ತಪ್ಪೇ. ಕಾರಣ ಸಾಕೋ ಇಲ್ಲವೋ ಎಂದು ತೀರ್ಮಾನಿಸಬೇಕಾದವರು ದೇವರ ಮುಂದೆ ನಿಂತ ಗಂಡ-ಹೆಂಡತಿ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಆ ತೀರ್ಮಾನ ಪಾದ್ರಿಗಳದ್ದಲ್ಲ, ಅತ್ತೆಯವರದ್ದೂ ಅಲ್ಲ.

ಗಂಡ-ಹೆಂಡತಿ ಇಬ್ಬರೂ ಸೇರಿ ತೀರ್ಮಾನಿಸಬೇಕು ಎಂದೆ, ಏಕೆಂದರೆ ನಮ್ಮ ಕಡಲತೀರದಲ್ಲಿ ಈ ವಿಧಾನ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಯಾಂತ್ರೀಕೃತ ದೋಣಿಗಳು ದಡ ಸೇರಿರುತ್ತವೆ, ತಿಂಗಳುಗಟ್ಟಲೆ ನೀರಿನ ಮೇಲಿದ್ದ ಗಂಡ ಮನೆಯಲ್ಲಿರುತ್ತಾನೆ. ಹೆಂಡತಿ ‘ಇವತ್ತು ಬೇಡ’ ಎಂದರೆ ಅದು ಅವಳ ನೆಪವೆಂದು ಅವನಿಗೆ ತೋರುತ್ತದೆ. ಆದ್ದರಿಂದ ರಾತ್ರಿ ಮಲಗುವ ಮುನ್ನ ಅವಳು ಹೇಳಲಿ, ಅವನು ಬರೆಯಲಿ ಎಂದು ನಾನು ಹಟ ಹಿಡಿಯುತ್ತೇನೆ. ತನ್ನ ಕೈಯಲ್ಲೇ ಬರೆದ ಗುರುತನ್ನು ಯಾವ ಗಂಡನೂ ನೆಪ ಎನ್ನಲಾರ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು, ಏಕೆಂದರೆ ನಿಮ್ಮ ಎರಡನೇ ಮಗು ಇನ್ನೂ ಹಾಲು ಕುಡಿಯುತ್ತಿರಬಹುದು. ‘ಹಾಲೂಡಿಸುವಾಗ ಬಸಿರು ನಿಲ್ಲದು’ ಎಂಬ ಅಜ್ಜಿಯರ ಮಾತು ಮೂರು ಷರತ್ತುಗಳು ಒಟ್ಟಿಗೇ ಇದ್ದಾಗ ಮಾತ್ರ ನಿಜ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಹೀಗಿರುವಾಗ ಗರ್ಭ ನಿಲ್ಲುವ ಸಂಭವ ಶೇ. 2ಕ್ಕಿಂತ ಕಡಿಮೆ. ಆದರೆ ನಾಲ್ಕನೇ ತಿಂಗಳಲ್ಲೇ ಗಂಜಿತಿಳಿ ಕೊಡಲು ಆರಂಭಿಸಿದರೆ ಎರಡನೇ ಷರತ್ತು ಮುರಿದಂತೆ. ಹೆರಿಗೆಯ ನಂತರದ ಮೊದಲ ಮುಟ್ಟಿಗೆ ಮುಂಚೆಯೂ ಅಂಡೋತ್ಪತ್ತಿ ಆಗಬಹುದು. ಹಾಗಾಗಿ ಮಗುವಿಗೆ ಮೊದಲ ಚಮಚ ಗಂಜಿತಿಳಿ ಕುಡಿಸಿದ ದಿನದಿಂದಲೇ ನೋಟ್‌ಬುಕ್ ತೆರೆಯಿರಿ.