ಎಸ್‌ಜಿಪಿಟಿ ಅಂದರೆ ಕಾಮಾಲೆ ಅಲ್ಲ

ಶಿರಸಿ ಕಡೆ ಲಿವರ್ ಪರೀಕ್ಷೆಯ ಲ್ಯಾಬ್ ರಿಪೋರ್ಟ್ ಕೈಗೆ ಬಂದ ಕೂಡಲೇ ಕೇಳುವ ಮಾತು: 'ಎಸ್‌ಜಿಪಿಟಿ 80 ಇದೆ, ಕಾಮಾಲೆ ಆಗಿದೆ.' ಸಂಜೆಯೊಳಗೆ ಎಣ್ಣೆ, ಉಪ್ಪು, ಖಾರ ಬಂದ್. ಮರುದಿನ ನಾಟಿ ಔಷಧಿ. ಎಷ್ಟು ಸಲ ಹೇಳಿದರೂ ಈ ತಪ್ಪು ನಿಂತಿಲ್ಲ.

ಕಾಮಾಲೆ ತಿಳಿಯುವುದು ಬಿಲಿರುಬಿನ್‌ನಿಂದ. ಹಳೆಯ ಕೆಂಪು ರಕ್ತಕಣ ಒಡೆದಾಗ ಹುಟ್ಟುವ ಹಳದಿ ಬಣ್ಣ ಅದು. ಲಿವರ್ ಅದನ್ನು ಪಿತ್ತದ ಜೊತೆ ಹೊರಹಾಕುತ್ತದೆ. ರಕ್ತದಲ್ಲಿ ಅದು ಡೆಸಿಲೀಟರಿಗೆ 2.5–3 ಮಿಲಿಗ್ರಾಂ ದಾಟಿದರೆ ಕಣ್ಣು ಹಳದಿಯಾಗಿ ಕಾಣುತ್ತದೆ. ರಿಪೋರ್ಟಿನಲ್ಲಿ ಅದಕ್ಕೆ ಬೇರೆ ಸಾಲೇ ಇದೆ. ಮೊದಲು ಅದನ್ನು ನೋಡಿ.

ಎಸ್‌ಜಿಪಿಟಿ ಲಿವರ್ ಕೋಶದ ಒಳಗಿರುವ ಕಿಣ್ವ. ಕೋಶಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಎಷ್ಟು ಸೋರಿದೆ ಅನ್ನುವುದಷ್ಟೇ ಆ ಅಂಕಿ. ಫ್ಯಾಟಿ ಲಿವರ್ ಇದ್ದವರಲ್ಲಿ ಇದು 80 ಇದ್ದು ಬಿಲಿರುಬಿನ್ ಸರಿಯಾಗೇ ಇರಬಹುದು. ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ ಬರುವ ಇಲಿಜ್ವರದಲ್ಲಿ ಉಲ್ಟಾ: ಜೋರಾದಾಗ ಬಿಲಿರುಬಿನ್ ವಿಪರೀತ ಏರುತ್ತದೆ, ಎಸ್‌ಜಿಪಿಟಿ ಅಷ್ಟೇನೂ ಏರಿರುವುದಿಲ್ಲ. ಎರಡೂ ಒಂದೇ ಆಗಿದ್ದರೆ ಹೀಗಾಗುತ್ತಿತ್ತಾ?

ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದನ್ನೂ ಎಸ್‌ಜಿಪಿಟಿ ಹೇಳುವುದಿಲ್ಲ. ಅದಕ್ಕೆ ಲಿವರ್ ತಯಾರಿಸುವ ಪ್ರೋಟೀನ್ ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ಪಿಟಿ-ಐಎನ್‌ಆರ್ ನೋಡಬೇಕು. ಸಿರೋಸಿಸ್ ಆಗಿ ಲಿವರ್ ಗಟ್ಟಿಯಾದವರಲ್ಲೂ ಎಸ್‌ಜಿಪಿಟಿ ನಾರ್ಮಲ್ ಬರಬಹುದು. ಅದಕ್ಕೇ ದಿನಾ ಕುಡಿಯುವವರು 'ನನ್ನದು 35, ಏನೂ ತೊಂದರೆ ಇಲ್ಲ' ಅಂದರೆ ನನಗೆ ಭಯವಾಗುತ್ತದೆ.

ಇನ್ನು ಎಸ್‌ಜಿಒಟಿ ಅನ್ನುವ ಇನ್ನೊಂದು ಕಿಣ್ವ. ಇದು ಲಿವರಿನದ್ದು ಮಾತ್ರ ಅಂದುಕೊಂಡವರೇ ಜಾಸ್ತಿ. 1954ರಲ್ಲಿ ಇದನ್ನು ರೋಗಿಗಳ ರಕ್ತದಲ್ಲಿ ಅಳೆದು ಮೊದಲು ವರದಿ ಮಾಡಿದ್ದು ಹೃದಯಾಘಾತ ಪತ್ತೆಗೆ. ಮುಂದೆ ಬಹಳ ವರ್ಷ ಅದು ಹೃದಯದ ಪರೀಕ್ಷೆಯೂ ಆಗಿತ್ತು. ಹೃದಯ, ಸ್ನಾಯು, ಕೆಂಪು ರಕ್ತಕಣ, ಎಲ್ಲದರಲ್ಲೂ ಇದು ಇದೆ. ಅಡಿಕೆ ಕೊಯ್ಯುವ ಕೊನೆಗೌಡರಿಗೆ ಮರ ಹತ್ತುವುದು ರೂಢಿ. ರೂಢಿ ಇಲ್ಲದ ಹುಡುಗ ರಜೆಗೆ ಊರಿಗೆ ಬಂದು ಇಡೀ ದಿನ ಅಡಿಕೆ ಚೀಲ ಹೊತ್ತು, ಮರುದಿನ ರಕ್ತ ಕೊಟ್ಟರೆ ಎಸ್‌ಜಿಒಟಿ ಏರಿರಬಹುದು. ಆಗ ಸ್ನಾಯುವಿನ ಕಿಣ್ವ ಸಿಪಿಕೆಯ ಪರೀಕ್ಷೆ ಮಾಡಿಸಿದರೆ ಸ್ನಾಯುವಿನದ್ದೋ ಅಲ್ಲವೋ ತಿಳಿಯುತ್ತದೆ. ಟ್ಯೂಬಿನಲ್ಲಿ ರಕ್ತಕಣ ಒಡೆದರೂ ಅಂಕಿ ಏರುತ್ತದೆ. ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟಿಗಿಂತ ಜಾಸ್ತಿ ಇದ್ದರಂತೂ ಡಾಕ್ಟರು ಕುಡಿತದ ಬಗ್ಗೆ ಕೇಳಿಯೇ ಕೇಳುತ್ತಾರೆ. ನಿಜ ಹೇಳಿ.

ಹೊಸ ರಿಪೋರ್ಟುಗಳಲ್ಲಿ ಎಸ್‌ಜಿಪಿಟಿಯೇ ಎಎಲ್‌ಟಿ, ಎಸ್‌ಜಿಒಟಿಯೇ ಎಎಸ್‌ಟಿ. ಅದೇ ರಿಪೋರ್ಟಿನಲ್ಲಿರುವ ಮತ್ತೊಂದು ಕಿಣ್ವ ಎಎಲ್‌ಪಿ ಮೂಳೆಯಿಂದಲೂ ಬರುತ್ತದೆ, ಬೆಳೆಯುವ ಮಕ್ಕಳಲ್ಲಿ ಜಾಸ್ತಿ ಇರುವುದು ಸಹಜ.

80 ಬಂದರೆ ಗಾಬರಿ ಬೇಡ, ಹಾಗಂತ ಸುಮ್ನೆ ಬಿಡಲೂ ಬೇಡ. ಡಾಕ್ಟರ ಹತ್ತಿರ ಹೋಗುವಾಗ ತಿಂದ ಮಾತ್ರೆ, ಕುಡಿದ ಕಷಾಯ ಎಲ್ಲದರ ಹೆಸರು ಬರೆದುಕೊಂಡು ಹೋಗಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಲಿವರಿಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಕಣ್ಣು ಹಳದಿಯಾಗಿ, ಮಾತು ತಡವರಿಸಿ, ಮಂಪರು ಬಂದರೆ ಲ್ಯಾಬಿಗೆ ಅಲ್ಲ, ಅವತ್ತೇ ಆಸ್ಪತ್ರೆಗೆ ಹೋಗಿ.