ಜಪಾನಿನ ವಿದೇಶಾಂಗ ನೀತಿ: ಯುದ್ಧಕ್ಕಿಂತ ಮೊದಲು ಒಪ್ಪಂದ ಓದಿ

ಈ ಪಾಠವನ್ನು ಸುಮಾರು ಜನ ಯುದ್ಧಗಳ ಇಸವಿ ಉರು ಹೊಡೆದು ಮುಗಿಸುತ್ತಾರೆ. 1894, 1904, 1931, 1941. ಕಾರಣ ಬರೆಯಿರಿ ಅಂದ ಕೂಡಲೇ ಎಲ್ಲ ಕಲಸಿಹೋಗುತ್ತದೆ. ಯಾರ ಜೊತೆ, ಯಾವ ಷರತ್ತಿನ ಮೇಲೆ ಒಪ್ಪಂದ ಆಯ್ತು ಅಂತ ನೋಡುತ್ತಾ ಹೋದರೆ ಸುಲಭ.

1853ರಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿ ಪೆರ್ರಿ ನಾಲ್ಕು ಯುದ್ಧನೌಕೆ ತಂದು ಜಪಾನಿನ ಉರಾಗಾ ಬಳಿ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತು. ನಿಜವಾದ ಪೆಟ್ಟು ಬಿದ್ದದ್ದು 1858ರ ಹ್ಯಾರಿಸ್ ಒಪ್ಪಂದದಲ್ಲಿ. ಜಪಾನಿನ ನೆಲದಲ್ಲಿ ಅಮೆರಿಕದವನು ಅಪರಾಧ ಮಾಡಿದರೆ ವಿಚಾರಣೆ ಅಮೆರಿಕದ ಕಾನ್ಸುಲ್ (ಅಲ್ಲಿರುವ ಅದರ ಸರ್ಕಾರಿ ಪ್ರತಿನಿಧಿ) ಮುಂದೆ. ಆಮದು ಸುಂಕವನ್ನೂ ಜಪಾನ್ ತನಗೆ ಬೇಕಾದಂತೆ ಏರಿಸುವ ಹಾಗಿಲ್ಲ. ಬ್ರಿಟನ್, ಫ್ರಾನ್ಸ್, ರಷ್ಯಾ, ಹಾಲೆಂಡ್ ಕೂಡ ಅದೇ ವರ್ಷ ಇಂಥದ್ದನ್ನೇ ಬರೆಸಿಕೊಂಡವು.

1868ರ ನಂತರ ಚಕ್ರವರ್ತಿಯ ಹೆಸರಲ್ಲಿ ಬಂದ ಹೊಸ ಮೇಜಿ ಸರ್ಕಾರಕ್ಕೆ ಇದನ್ನು ಕಳಚಿಕೊಳ್ಳುವುದೇ ದೊಡ್ಡ ಗುರಿ. 1871ರಲ್ಲಿ ಅಮೆರಿಕ, ಯುರೋಪಿಗೆ ಹೊರಟ ಸರ್ಕಾರದ ಇವಾಕುರಾ ನಿಯೋಗ ಒಪ್ಪಂದ ತಿದ್ದಿಸುವ ವಿಷಯದಲ್ಲಿ ಬರಿಗೈಲಿ ವಾಪಸಾಯಿತು, ಆದರೆ ಅಲ್ಲಿನ ಕಾರ್ಖಾನೆ, ಶಾಲೆ, ಸೈನ್ಯ, ಆಡಳಿತ ಎಲ್ಲವನ್ನೂ ಕಣ್ಣಾರೆ ನೋಡಿಕೊಂಡು ಬಂತು. ಪರದೇಶಿ ಕೋರ್ಟುಗಳು ತೊಲಗಿದ್ದು 1899ರಲ್ಲಿ. ಸುಂಕದ ಹಕ್ಕು ಪೂರ್ತಿ ಕೈಗೆ ಸಿಕ್ಕಿದ್ದು 1911ರಲ್ಲಿ!

ಈ ನಡುವೆ ಇನ್ನೊಂದು ನಡೆಯಿತು, ಇದನ್ನು ಬಿಟ್ಟವರೇ ಜಾಸ್ತಿ. 1875ರಲ್ಲಿ ಕೊರಿಯಾದ ಗಂಗ್ವಾ ದ್ವೀಪದ ಹತ್ತಿರ ಜಪಾನಿನ ಯುದ್ಧನೌಕೆ ಹೋಗಿ ಗುಂಡಿನ ಚಕಮಕಿ ಆಯ್ತು. ಮರುವರ್ಷ ಒಪ್ಪಂದ. ಬುಸಾನ್ ಜೊತೆ ಇನ್ನೆರಡು ಬಂದರು ತೆರೆಯಬೇಕು, ಅಲ್ಲಿ ಜಪಾನಿಯರು ತಪ್ಪು ಮಾಡಿದರೆ ವಿಚಾರಣೆ ಜಪಾನಿನವರದ್ದೇ. ತನ್ನ ಕುತ್ತಿಗೆಯ ಹಗ್ಗ ಇನ್ನೂ ಬಿಚ್ಚಿರಲಿಲ್ಲ, ಅಂಥದ್ದೇ ಹಗ್ಗ ಪಕ್ಕದವನ ಕೊರಳಿಗೆ, ಅಲ್ವಾ? 1910ರಲ್ಲಿ ಕೊರಿಯಾವನ್ನೇ ನುಂಗಿತು.

1895ರಲ್ಲಿ ಚೀನಾವನ್ನು ಸೋಲಿಸಿ ಲಿಯಾವ್‌ದಾಂಗ್ ಪರ್ಯಾಯ ದ್ವೀಪ ಪಡೆದರೂ ರಷ್ಯಾ, ಜರ್ಮನಿ, ಫ್ರಾನ್ಸ್ ಸೇರಿ ಅದನ್ನು ವಾಪಸು ಕೊಡಿಸಿದವು. ಗೆದ್ದರೆ ಸಾಲದು, ಬೆನ್ನಿಗೆ ದೊಡ್ಡವರೊಬ್ಬರು ಬೇಕು ಅನ್ನಿಸಿದ್ದು ಆಗಲೇ. 1902ರ ಬ್ರಿಟನ್ ಮೈತ್ರಿಯನ್ನು ಇದರ ಜೊತೆಗೇ ಓದಿ. ಆ ಮೈತ್ರಿ ಇದ್ದದ್ದರಿಂದಲೇ 1904ರಲ್ಲಿ ರಷ್ಯಾದ ಮೇಲೆ ಬೀಳುವ ಧೈರ್ಯ ಬಂತು. ವಾಷಿಂಗ್ಟನ್ ಸಮ್ಮೇಳನದ ನಂತರ ಆ ಮೈತ್ರಿ ಕೊನೆಯಾಯಿತು. 1931ರ ಮಂಚೂರಿಯಾ ಆಕ್ರಮಣ, 1933ರಲ್ಲಿ ರಾಷ್ಟ್ರಸಂಘ ಬಿಡುವ ಘೋಷಣೆ, 1940ರಲ್ಲಿ ಜರ್ಮನಿ ಮತ್ತು ಇಟಲಿಯ ಸಹವಾಸ, ಇವು ಪಠ್ಯದಲ್ಲಿ ವಿವರವಾಗಿಯೇ ಇರುತ್ತವೆ.

ಎರಡನೇ ಮಹಾಯುದ್ಧದಲ್ಲಿ ಸೋತ ಮೇಲೆ ಮತ್ತೆ ದೊಡ್ಡವರ ಆಸರೆ, ಈ ಸಲ ಅಮೆರಿಕದ್ದು. 1947ರ ಸಂವಿಧಾನದ 9ನೇ ವಿಧಿ ಯುದ್ಧ ಬೇಡ ಅಂದಿತು. ಪ್ರಧಾನಿ ಯೋಶಿದಾ 1951ರಲ್ಲಿ ಭದ್ರತೆಯನ್ನು ಅಮೆರಿಕಕ್ಕೆ ಬಿಟ್ಟು ವ್ಯಾಪಾರದ ಕಡೆ ತಿರುಗಿದರು. ಕುವೈತನ್ನು ಇರಾಕಿನಿಂದ ಬಿಡಿಸಲು ನಡೆದ 1991ರ ಕೊಲ್ಲಿ ಯುದ್ಧಕ್ಕೆ ಜಪಾನ್ ಸೈನ್ಯ ಕಳಿಸದೆ ಸುಮಾರು 1,300 ಕೋಟಿ ಡಾಲರ್ ಕೊಟ್ಟಿತು. ಆಮೇಲೆ ಕುವೈತ್ ಸರ್ಕಾರ ಪತ್ರಿಕೆಯಲ್ಲಿ ಕೊಟ್ಟ ಧನ್ಯವಾದದ ಜಾಹೀರಾತಿನಲ್ಲಿ ಜಪಾನಿನ ಹೆಸರೇ ಇರಲಿಲ್ಲ. ಟೋಕಿಯೋಗೆ ಇದು ಚುಚ್ಚಿತು. 1992ರಲ್ಲಿ ಶಾಂತಿಪಾಲನೆ ಕಾನೂನು ತಂದು ಕಾಂಬೋಡಿಯಾಕ್ಕೆ ಸಿಬ್ಬಂದಿ ಕಳಿಸಿದರು, 2015ರ ಕಾನೂನಿನಲ್ಲಂತೂ ಮಿತ್ರದೇಶದ ಮೇಲೆ ದಾಳಿಯಾಗಿ ಅದರಿಂದ ಜಪಾನಿನ ಉಳಿವಿಗೇ ಅಪಾಯ ಅನ್ನಿಸಿದರೆ ಬಲ ಬಳಸಲು ದಾರಿ ಮಾಡಿಕೊಂಡರು.